ಹತ್ತಕ್ಷರದ ದೆವ್ವ

ನಾನು ‘ಹ್ಯಾಲೋವೀನ್’ ಸಿನಿಮಾ ಮೊದಲ ಸಲ ನೋಡಿದ್ದು ಸೌಂಡೇ ಇಲ್ಲದೆ.

ಆಗ ಬಿಇ ಐದನೇ ಸೆಮಿಸ್ಟರ್. ಹಾಸ್ಟೆಲ್ಲಿನ ನಮ್ಮ ಫ್ಲೋರಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರ್. ಮೂವರು ಹುಡುಗರು ದುಡ್ಡು ಹಾಕಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡು ಬಂದದ್ದು. ಸೀನಿಯರ್ ಒಬ್ಬ ಹಾರ್ಡ್ ಡಿಸ್ಕಿನಲ್ಲಿ ಸಿನಿಮಾ ಹಾಕಿಕೊಟ್ಟು, "ನೋಡ್ರೋ, ಆಮೇಲೆ ರಾತ್ರಿ ಬಾತ್‌ರೂಮಿಗೆ ಒಬ್ಬೊಬ್ರೇ ಹೋಗಲ್ಲ ನೀವು" ಅಂದಿದ್ದ. ಸ್ಪೀಕರ್ ಕೆಟ್ಟಿತ್ತು. ಸಬ್‌ಟೈಟಲ್ ಇದೆಯಲ್ಲ, ಸಾಕು ಅಂತ ಏಳು ಜನ ಮಂಚದ ಮೇಲೆ ಒತ್ತಿಕೊಂಡು ಕೂತೆವು. ಬಿಳಿ ಮುಖವಾಡ ಹಾಕಿಕೊಂಡ ಒಬ್ಬ ಬೇಲಿ ಪಕ್ಕ ನಿಲ್ತಾನೆ. ಸ್ವಲ್ಪ ಹೊತ್ತಿಗೆ ಬಟ್ಟೆ ಒಣಹಾಕಿದ ಕಡೆ ನಿಲ್ತಾನೆ. ಆಮೇಲೆ ಕಾಣಲ್ಲ. "ಇವನೇನೋ, ಕೇಬಲ್ ಬಿಲ್ ಕೇಳಕ್ಕೆ ಬಂದೋನ್ ಥರ ನಿಂತಿದಾನೆ" ಅಂದ ಒಬ್ಬ. ನಕ್ಕಿದ್ದೇ ನಕ್ಕಿದ್ದು.

ನಾಲ್ಕು ದಿನ ಬಿಟ್ಟು, ಎಲ್ಲರೂ ಊರಿಗೆ ಹೋಗಿದ್ದ ಶನಿವಾರ, ಯಾರದೋ ಹೆಡ್‌ಫೋನ್ ಸಿಕ್ಕಿತು ಅಂತ ಅದೇ ಸಿನಿಮಾ ಮತ್ತೆ ಹಾಕಿದೆ. ಅದೇ ಬೇಲಿ, ಅದೇ ಮುಖವಾಡ. ಆದರೆ ಈ ಸಲ ಕಿವಿಯಲ್ಲಿ ಒಂದು ಪಿಯಾನೋ ಒಂದೇ ಸಮ ಕುಟ್ಟುತ್ತಾ ಇತ್ತು. ಅರ್ಧ ಸಿನಿಮಾಕ್ಕೆ ಎದ್ದು ಲೈಟ್ ಹಾಕಿದೆ. ಸೀನಿಯರ್ ಹೇಳಿದ್ದು ನಿಜವಾಯ್ತು, ಅವತ್ತು ರಾತ್ರಿ ಬಾತ್‌ರೂಮಿಗೆ ಹೋಗಲೇ ಇಲ್ಲ.

ಎಷ್ಟೋ ವರ್ಷದ ಮೇಲೆ, ಈ ಸಿನಿಮಾದ ನಿರ್ದೇಶಕ ಜಾನ್ ಕಾರ್ಪೆಂಟರ್ ಬಗ್ಗೆ ಓದುವಾಗ ಒಂದು ವಿಷಯ ಸಿಕ್ಕಿತು. 1978ರಲ್ಲಿ ಸಿನಿಮಾ ಎಡಿಟ್ ಆದಮೇಲೆ ಆತ ಅದನ್ನು ಫಾಕ್ಸ್ ಸ್ಟುಡಿಯೋದ ಒಬ್ಬ ಅಧಿಕಾರಿಗೆ ತೋರಿಸಿದ್ದನಂತೆ, ಇನ್ನೂ ಮ್ಯೂಸಿಕ್ ಹಾಕದೆ. ಆಕೆಗೆ ಒಂದು ಚೂರೂ ಭಯ ಆಗಲಿಲ್ಲ. ಇದನ್ನು ಇನ್ನು ಸಂಗೀತದಿಂದಲೇ ಉಳಿಸಿಕೊಳ್ಳಬೇಕು ಅಂತ ಆತ ಕೀಬೋರ್ಡ್ ಮುಂದೆ ಕೂತ. ಹಾಸ್ಟೆಲ್ಲಿನ ನಾವು ಏಳು ಜನ ಮೂವತ್ತು ವರ್ಷ ತಡವಾಗಿ ಅದೇ ಟೆಸ್ಟ್ ಮಾಡಿ, ಅದೇ ರಿಸಲ್ಟ್ ತೆಗೆದಿದ್ದೆವು!

ಕಾರ್ಪೆಂಟರ್ ಹೆಸರು ಕೇಳದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಹುಟ್ಟಿದ್ದು 1948ರಲ್ಲಿ. ಬೆಳೆದದ್ದು ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಅಲ್ಲಿನ ಯೂನಿವರ್ಸಿಟಿಯಲ್ಲಿ ಸಂಗೀತದ ಪ್ರೊಫೆಸರ್. ಮಗ ಸಿನಿಮಾ ಓದಲು ಲಾಸ್ ಏಂಜಲೀಸ್‌ಗೆ ಹೋದ. ಅಲ್ಲಿ ಸಹಪಾಠಿ ಡಾನ್ ಓ'ಬ್ಯಾನನ್ ಜತೆ ಸ್ಟೂಡೆಂಟ್ ಫಿಲ್ಮ್ ಅಂತ ಶುರು ಮಾಡಿದ ‘ಡಾರ್ಕ್ ಸ್ಟಾರ್’ ಎಳೆದು ಎಳೆದು 1974ರಲ್ಲಿ ಥಿಯೇಟರಿಗೆ ಬಂತು. ಅದರಲ್ಲಿ ಬರುವ ಅನ್ಯಗ್ರಹದ ಜೀವಿ ಬಣ್ಣ ಬಳಿದ ಒಂದು ಬೀಚ್ ಬಾಲ್. ದುಡ್ಡು ಇಲ್ಲ ಅಂದ್ರೆ ಅಷ್ಟು ಇಲ್ಲ. 1976ರ ‘ಅಸಾಲ್ಟ್ ಆನ್ ಪ್ರಿಸಿಂಕ್ಟ್ 13’ ಸುಮಾರು ಒಂದು ಲಕ್ಷ ಡಾಲರಿನ ಸಿನಿಮಾ. ಆರ್ಕೆಸ್ಟ್ರಾ ಕರೆಸುವ ಮಾತೇ ಇರಲಿಲ್ಲ, ಸಿಂಥಸೈಜರ್ ಇಟ್ಟುಕೊಂಡು ತಾನೇ ಬಾರಿಸಿದ. ಸಂಗೀತ ನೀವೇ ಯಾಕೆ ಮಾಡಿದಿರಿ ಅಂತ ಯಾರು ಕೇಳಿದರೂ ಆತ ಹೇಳುವ ಮಾತಿನ ಅರ್ಥ ಒಂದೇ: ನನಗಿಂತ ಅಗ್ಗಕ್ಕೆ, ನನಗಿಂತ ಬೇಗ ಮಾಡಿಕೊಡೋರು ಯಾರೂ ಇರಲಿಲ್ಲ.

‘ಹ್ಯಾಲೋವೀನ್’ ಕೂಡ ಅಷ್ಟೇ. ಸುಮಾರು ಮೂರು ಲಕ್ಷ ಡಾಲರ್ ಬಜೆಟ್, ಇಪ್ಪತ್ತು ದಿನಗಳ ಶೂಟಿಂಗ್. ಕಥೆ ನಡೆಯೋದು ಅಕ್ಟೋಬರ್ ಕೊನೆಯಲ್ಲಿ, ಎಲೆ ಉದುರುವ ಕಾಲದಲ್ಲಿ. ಶೂಟಿಂಗ್ ಆದದ್ದು ಕ್ಯಾಲಿಫೋರ್ನಿಯಾದಲ್ಲಿ, ವಸಂತದಲ್ಲಿ. ಹಾಗಾಗಿ ಎಲೆಗಳಿಗೆ ಬಣ್ಣ ಬಳಿದು ರಸ್ತೆಗೆ ಚೆಲ್ಲೋದು, ಶಾಟ್ ಮುಗಿದ ಮೇಲೆ ಎಲ್ಲರೂ ಸೇರಿ ಗುಡಿಸಿ ಚೀಲಕ್ಕೆ ತುಂಬೋದು, ಮುಂದಿನ ರಸ್ತೆಯಲ್ಲಿ ಮತ್ತೆ ಚೆಲ್ಲೋದು. ಆ ಮುಖವಾಡ ಎರಡು ಡಾಲರ್ ಒಳಗೆ ಸಿಕ್ಕಿದ್ದು. ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕರ್ಕ್ ಮುಖದ ಮಾಸ್ಕು. ಕಣ್ಣಿನ ತೂತು ದೊಡ್ಡದು ಮಾಡಿ ಬಿಳಿ ಬಣ್ಣ ಹೊಡೆದರು, ಕ್ಯಾಪ್ಟನ್ ಹೋಗಿ ಕೊಲೆಗಾರ ಆದ. ಡೆಬ್ರಾ ಹಿಲ್ ಜತೆ ಕಥೆ ಬರೆದಿದ್ದಕ್ಕೆ, ನಿರ್ದೇಶನಕ್ಕೆ, ಸಂಗೀತಕ್ಕೆ, ಎಲ್ಲಕ್ಕೂ ಸೇರಿ ಕಾರ್ಪೆಂಟರ್‌ಗೆ ಸಿಕ್ಕಿದ್ದು 10,000 ಡಾಲರ್ ಮತ್ತು ಲಾಭದಲ್ಲಿ ಒಂದು ಪಾಲು. ಸಿನಿಮಾ ಗಳಿಸಿದ್ದು ಸುಮಾರು ಏಳು ಕೋಟಿ ಡಾಲರ್. ಟೈಟಲ್ ಕಾರ್ಡಿನಲ್ಲಿ ಸಂಗೀತ ನುಡಿಸಿದವರು ‘ಬೌಲಿಂಗ್ ಗ್ರೀನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ’ ಅಂತ ಇದೆ. ಅದು ಆತನ ತಮಾಷೆ. ತನ್ನೂರಿನ ಹೆಸರಿಟ್ಟ ಆ ಆರ್ಕೆಸ್ಟ್ರಾ ಅಂದ್ರೆ ಆತ ಮತ್ತು ಆತನ ಕೀಬೋರ್ಡು.

ಈ ಸಾಲು ಓದಿದಾಗ ನಾನು ನಗಬೇಕಿತ್ತು. ನಗು ಬರಲಿಲ್ಲ. ಯಾಕಂದ್ರೆ ಇಂಥ ಇನ್ನೊಬ್ಬರು ನನಗೆ ಚೆನ್ನಾಗಿ ಗೊತ್ತಿದ್ದರು. ನಮ್ಮಪ್ಪ.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ತೆಂಗು, ಒಂದು ತುಂಡು ಹೊಲ. ಅಪ್ಪ ಅದನ್ನು ನೋಡಿಕೊಂಡೇ ನಾಟಕದ ಮೇಷ್ಟ್ರಾಗಿದ್ದ. ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ಸುಗ್ಗಿ ಮುಗಿದ ಮೇಲೆ ಊರಿನ ಗಂಡಸರು ಸೇರಿ ಕುರುಕ್ಷೇತ್ರ ನಾಟಕ ಕಲಿಯಲು ಹೊರಡ್ತಾರೆ. ಪಾರ್ಟು ಮಾಡೋನೇ ದುಡ್ಡು ಕೊಡಬೇಕು, ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ ರೇಟು. ಕಲಿಸೋಕೆ ಒಬ್ಬರು ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ. ಮೂರು ತಿಂಗಳು ದಿನಾ ರಾತ್ರಿ ರಾಮಮಂದಿರದ ಟ್ಯೂಬ್‌ಲೈಟ್ ಕೆಳಗೆ ಪ್ರಾಕ್ಟೀಸು. ಮಾತು ಕಲಿಸೋದು, ಕಂದ ಹಾಡಿಸೋದು, ಎಲ್ಲಿ ನಿಲ್ಲಬೇಕು ಎಲ್ಲಿ ಗದೆ ಎತ್ತಬೇಕು ಅಂತ ಹೇಳೋದು, ಭೀಮನಿಗೆ ಶ್ರುತಿ ಏರದಿದ್ದರೆ ಆ ಹಾಡಿಗೆ ಬೇರೆ ಮಟ್ಟು ಹುಡುಕೋದು, ಎಲ್ಲ ಮೇಷ್ಟ್ರದೇ. ನಾಟಕದ ದಿನ ಸ್ಟೇಜಿನ ಪಕ್ಕ ಕಾಲು ಹಾರ್ಮೋನಿಯಂ ತುಳಿಯುತ್ತಾ ಬೆಳಗಿನ ತನಕ ಎಲ್ಲರನ್ನೂ ದಾಟಿಸೋದೂ ಅವರೇ. ನಿರ್ದೇಶಕನೂ ಅವರೇ, ಸಂಗೀತವೂ ಅವರದೇ. ಬೇರೆ ಬೇರೆ ಜನ ಇಟ್ಟುಕೊಳ್ಳೋಕೆ ಊರಿನವರ ಹತ್ತಿರ ದುಡ್ಡು ಎಲ್ಲಿಂದ ಬರಬೇಕು?

ನನಗೆ ಅದು ಹೆಮ್ಮೆಯ ವಿಷಯ ಆಗಿರಲಿಲ್ಲ. ಕಾಲೇಜು ಸೇರುವ ಫಾರಂನಲ್ಲಿ ತಂದೆಯ ಉದ್ಯೋಗ ಅಂತಿದ್ದ ಕಡೆ ‘ಕೃಷಿ’ ಅಂತ ಬರೆದೆ. ಬೆಂಗಳೂರಿಗೆ ಬಂದ ಮೇಲೆ ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಫಾರ್ಮರ್" ಅಂತಿದ್ದೆ. ಆ ಪದಕ್ಕೆ ಇಲ್ಲಿ ಒಂದು ಮರ್ಯಾದೆ ಇದೆ. ನಾಟಕದ ಮೇಷ್ಟ್ರು ಅಂದ್ರೆ ಇನ್ನೂ ಎರಡು ನಿಮಿಷ ವಿವರಿಸಬೇಕಾಗುತ್ತೆ, ಆ ಎರಡು ನಿಮಿಷದಲ್ಲಿ ಎದುರಿನವರ ಮುಖದಲ್ಲಿ ಒಂಥರಾ ನಗು ಬರುತ್ತೆ. ಸಣ್ಣವನಿದ್ದಾಗ ನಾಟಕದ ರಾತ್ರಿ ಪರದೆ ಹಿಂದೆ ಚಾಪೆ ಮೇಲೆ ಮಲಗಿಬಿಡ್ತಿದ್ದೆ. ದೊಡ್ಡವನಾದ ಮೇಲೆ ಊರಿನಲ್ಲಿರಲಿಲ್ಲ. ಅಪ್ಪ ಕಲಿಸಿದ ಒಂದು ನಾಟಕವನ್ನೂ ನಾನು ಮೊದಲಿಂದ ಕೊನೆಯ ತನಕ ಕೂತು ನೋಡಿರಲಿಲ್ಲ.

ಕೆಲಸ ಸಿಕ್ಕಿದ ಹೊಸದರಲ್ಲಿ ಹ್ಯಾಲೋವೀನ್ ಟ್ಯೂನನ್ನು ಫೋನಿಗೆ ರಿಂಗ್‌ಟೋನ್ ಮಾಡಿಕೊಂಡಿದ್ದೆ. ಒಂದು ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಜಗುಲಿ ಮೇಲೆ ಕೂತು ಕೊಬ್ಬರಿ ಒಡೀತಾ ಇದ್ದ. ಫೋನ್ ಹೊಡಕೊಂಡಿತು. ನಾನು ಎತ್ತೋಕೆ ಹೋದರೆ, "ಇರು, ಎತ್ತಬೇಡ" ಅಂದ.

"ಏನೋ ಇದು?"

"ಇಂಗ್ಲಿಷ್ ದೆವ್ವದ ಪಿಚ್ಚರ್‌ದು ಅಪ್ಪ."

"ಇನ್ನೊಂದ್ಸಲ ಹಾಕು."

ಹಾಕಿದೆ. ಮಚ್ಚು ಕೆಳಗಿಟ್ಟು ತೊಡೆ ಮೇಲೆ ಕೈಯಲ್ಲಿ ಲೆಕ್ಕ ಹಾಕಿದ. "ತಕಿಟ ತಕಿಟ ತಕ ತಕ. ನೋಡು, ತಕಿಟ ತಕಿಟ ತಕ ಅಂದ್ರೆ ಎಂಟಕ್ಷರ. ಅಲ್ಲಿಗೆ ಮುಗೀತು ಅಂತ ಕಿವಿ ಕೂತ್ಕಳಕ್ಕೆ ಹೋಗುತ್ತೆ. ಇವನು ಇನ್ನೊಂದು ತಕ ಸೇರಿಸಿ ಹತ್ತು ಮಾಡವ್ನೆ. ಕೂತ್ಕಳಕ್ಕೆ ಬಿಡಲ್ಲ. ದೆವ್ವ ಇರೋದು ಆ ಕೊನೇ ತಕದಲ್ಲಿ ಕಣೋ."

ಆಮೇಲೆ ಮಚ್ಚು ತಗೊಂಡು ಮತ್ತೆ ಕೊಬ್ಬರಿ ಒಡೆಯೋಕೆ ಶುರು ಮಾಡಿದ. ನಾನು "ಹೌದಾ" ಅಂದು ಫೋನ್ ಎತ್ತಿ ಮಾತಾಡುತ್ತಾ ಹೊರಗೆ ಹೋದೆ. ಅಪ್ಪ ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಗಿದ್ದು ಆಮೇಲೆ ಯಾವಾಗಲೋ. ಆ ಟ್ಯೂನು 5/4 ಲಯದ್ದು. ಅದು ಕಾರ್ಪೆಂಟರ್‌ಗೆ ಬಂದದ್ದೂ ಅಪ್ಪನಿಂದಲೇ. ಹುಡುಗನಿಗೆ ಹದಿಮೂರು ವರ್ಷ ಇದ್ದಾಗ ಪ್ರೊಫೆಸರ್ ಅಪ್ಪ ಒಂದು ಜೊತೆ ಬಾಂಗೋ ಡ್ರಮ್ ತಂದುಕೊಟ್ಟು, ಐದರ ಲೆಕ್ಕ ಬಾರಿಸೋದು ಹೇಳಿಕೊಟ್ಟಿದ್ದ. ಅದೇ ಪಾಠವನ್ನು ಮಗ ಮೂವತ್ತನೇ ವಯಸ್ಸಿನಲ್ಲಿ ಪಿಯಾನೋ ಮೇಲೆ ಹಾಕಿದ. ಇನ್ನೊಂದು ತಮಾಷೆ ಅಂದ್ರೆ, ಸಂಗೀತದ ಪ್ರೊಫೆಸರ್ ಮಗನಾದರೂ ಈತನಿಗೆ ಸ್ವರಲಿಪಿ ಓದೋಕೂ ಬರಲ್ಲ, ಬರೆಯೋಕೂ ಬರಲ್ಲ. ಅಪ್ಪ ಕಲಿಸಿದ ಪಾಠಗಳಲ್ಲಿ ಉಳಿದದ್ದು ಸ್ವಲ್ಪ. ಆ ಸ್ವಲ್ಪದಲ್ಲೇ ಅಷ್ಟು ದೊಡ್ಡ ಸಿನಿಮಾ ನಿಂತಿತು.

ಈಗ ‘ದಿ ಥಿಂಗ್’ ಬಗ್ಗೆ ಹೇಳಬೇಕು. ನಾನು ಈ ಮನುಷ್ಯನನ್ನು ನಿಜವಾಗಿ ಹಚ್ಚಿಕೊಂಡದ್ದು ಅಲ್ಲಿಂದ.

‘ದಿ ಫಾಗ್’, ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ ಎರಡೂ ಓಡಿದ ಮೇಲೆ ದೊಡ್ಡ ಸ್ಟುಡಿಯೋ ಬಾಗಿಲು ತೆಗೀತು. ಯೂನಿವರ್ಸಲ್ ಕೊಟ್ಟದ್ದು ಒಂದೂವರೆ ಕೋಟಿ ಡಾಲರ್. ಅಂಟಾರ್ಕ್ಟಿಕಾದ ಒಂದು ಕ್ಯಾಂಪು, ಹನ್ನೆರಡು ಗಂಡಸರು, ಸುತ್ತ ಹಿಮ. ಯಾರ ರೂಪವನ್ನು ಬೇಕಾದರೂ ತಾಳಬಲ್ಲ ಒಂದು ಜೀವಿ ಒಳಗೆ ಸೇರಿಕೊಂಡಿದೆ. ನಿನ್ನೆ ಜತೆಗೆ ಊಟ ಮಾಡಿದವನು ಇವತ್ತು ಅವನೇನಾ ಅಂತ ಯಾರಿಗೂ ಗೊತ್ತಿಲ್ಲ. ಆ ಜೀವಿಯ ರೂಪಗಳನ್ನು ಮಾಡಿದ ರಾಬ್ ಬಾಟಿನ್‌ಗೆ ಆಗ ಇಪ್ಪತ್ತೆರಡರ ಆಸುಪಾಸು. ಹಗಲು ರಾತ್ರಿ ದುಡಿದು ಆಸ್ಪತ್ರೆ ಸೇರಿದ. ನಮ್ಮ ಫೀಲ್ಡಿನವರಿಗೆ ಇಂಥ ಹುಡುಗರು ಗೊತ್ತಿರ್ತಾರೆ, ರಿಲೀಸ್ ಹಿಂದಿನ ವಾರ ಆಫೀಸಿನಲ್ಲೇ ಮಲಗೋರು. ದುಡ್ಡು ಇತ್ತಲ್ಲ, ಈ ಸಲ ಸಂಗೀತಕ್ಕೂ ದೊಡ್ಡವರನ್ನೇ ಕರೆಸಿದ, ಇಟಲಿಯ ಎನ್ನಿಯೊ ಮೊರಿಕೋನೆ.

1982ರ ಜೂನ್ 25ರಂದು ಸಿನಿಮಾ ಬಂತು. ಎರಡು ವಾರ ಮೊದಲು ಸ್ಪೀಲ್‌ಬರ್ಗ್‌ನ ‘ಇ.ಟಿ.’ ಬಂದಿತ್ತು. ಅನ್ಯಗ್ರಹದ ಮುದ್ದು ಮರಿ ನೋಡಿ ಜನ ಕಣ್ಣೀರು ಹಾಕುತ್ತಿದ್ದ ಹೊತ್ತಿನಲ್ಲಿ ಈತನ ಜೀವಿ ಮನುಷ್ಯರನ್ನು ಒಳಗಿಂದ ತಿನ್ನುತ್ತಿತ್ತು. ವಿಮರ್ಶಕರು ಹಿಡಿದು ಝಾಡಿಸಿದರು. ಅಮೆರಿಕದಲ್ಲಿ ಗಳಿಕೆ ಎರಡು ಕೋಟಿ ಡಾಲರನ್ನೂ ಮುಟ್ಟಲಿಲ್ಲ. ವರ್ಷದ ಕೆಟ್ಟ ಸಂಗೀತ ಅಂತ ಮೊರಿಕೋನೆಯನ್ನು ರ‍್ಯಾಝಿ ಪ್ರಶಸ್ತಿಗೆ ನಾಮಿನೇಟ್ ಮಾಡಿದರು. ಕಾರ್ಪೆಂಟರ್ ಕೈಯಲ್ಲಿದ್ದ ಮುಂದಿನ ಚಿತ್ರ ‘ಫೈರ್‌ಸ್ಟಾರ್ಟರ್’ ಕೈಬಿಟ್ಟು ಹೋಯಿತು.

ನಾನು ಈ ಸಿನಿಮಾ ನೋಡಿದ್ದು ಒಂದು ಶುಕ್ರವಾರ ರಾತ್ರಿ. ಅವತ್ತು ಮಧ್ಯಾಹ್ನ ನಾವು ಎರಡೂವರೆ ವರ್ಷ ಕಟ್ಟಿದ ಪ್ರಾಡಕ್ಟನ್ನು ಅರ್ಧ ಗಂಟೆಯ ಒಂದು ಕಾಲ್‌ನಲ್ಲಿ ಮುಚ್ಚಿದ್ದರು. ಕೆಟ್ಟದಾಗಿತ್ತು ಅಂತ ಯಾರೂ ಹೇಳಲಿಲ್ಲ. "ಸದ್ಯಕ್ಕೆ ಮಾರ್ಕೆಟ್ ಇಲ್ಲ" ಅಂದರು. ಟೀಮಿನ ಒಂಬತ್ತು ಜನರಲ್ಲಿ ನಾಲ್ಕು ಜನರನ್ನು ಕಳಿಸಿದರು, ಉಳಿದವರನ್ನು ಬೇರೆ ಬೇರೆ ಕಡೆ ಹಂಚಿದರು. ನಾನು ಉಳಿದವರಲ್ಲಿ ಒಬ್ಬ, ಅದೇನೂ ಸಮಾಧಾನ ತರಲಿಲ್ಲ. ಸಂಜೆ ಕೋಡ್ ರೆಪಾಸಿಟರಿಯನ್ನು ಆರ್ಕೈವ್ ಮಾಡುವ ಬಟನ್ ಒತ್ತಿದ್ದು ನಾನೇ. "ಖಚಿತವಾಗಿಯೂ?" ಅಂತ ಕೇಳ್ತು. ಹೌದು ಅಂದೆ.

ಆ ಸಿನಿಮಾದ ಕೊನೆಯಲ್ಲಿ ಕ್ಯಾಂಪೆಲ್ಲ ಸುಟ್ಟುಹೋಗಿ ಇಬ್ಬರು ಹಿಮದಲ್ಲಿ ಎದುರುಬದುರು ಕೂತಿರ್ತಾರೆ. ಇಬ್ಬರಲ್ಲಿ ಯಾರು ಮನುಷ್ಯ ಅಂತ ನಮಗೆ ಹೇಳದೆ ಸಿನಿಮಾ ಮುಗಿಯುತ್ತೆ. ನೋಡುತ್ತಾ ನೋಡುತ್ತಾ ಅನಿಸಿದ್ದು ಇಷ್ಟೇ: 1982ರ ಜೂನ್‌ನಲ್ಲಿ ಇದನ್ನು ಮಾಡಿದವನಿಗೆ ತಾನು ಒಳ್ಳೆಯ ಕೆಲಸ ಮಾಡಿದ್ದೇನೆ ಅಂತ ಹೇಳೋಕೆ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ. ದುಡ್ಡು ಇಲ್ಲ, ವಿಮರ್ಶೆ ಇಲ್ಲ, ಮುಂದಿನ ಕೆಲಸವೂ ಇಲ್ಲ. ಇದ್ದದ್ದು ಸಿನಿಮಾ ಒಂದೇ.

ಆಮೇಲೆ ವಿಡಿಯೋ ಕ್ಯಾಸೆಟ್ ಬಂತು, ಟಿವಿ ಬಂತು. ಜನ ಮನೆಯಲ್ಲಿ ಕೂತು ಮತ್ತೆ ಮತ್ತೆ ನೋಡಿದರು. ಇವತ್ತು ಹಾರರ್ ಸಿನಿಮಾಗಳ ಯಾವ ಪಟ್ಟಿ ತೆಗೆದರೂ ‘ದಿ ಥಿಂಗ್’ ಮೇಲುಗಡೆ ಇರುತ್ತೆ. ದಕ್ಷಿಣ ಧ್ರುವದ ಅಮೆರಿಕನ್ ಸಂಶೋಧನಾ ಕೇಂದ್ರದಲ್ಲಿ ಚಳಿಗಾಲಕ್ಕೆ ಮುಂಚೆ ಕೊನೆಯ ವಿಮಾನ ಹೊರಟುಹೋದ ಮೇಲೆ, ಉಳಿದವರೆಲ್ಲ ಕೂತು ಈ ಸಿನಿಮಾ ನೋಡೋದು ಒಂದು ಸಂಪ್ರದಾಯವೇ ಆಗಿದೆಯಂತೆ. ‘ದಿ ಥಿಂಗ್’ಗೆ ಮಾಡಿ ಬಳಸದೆ ಉಳಿದಿದ್ದ ಮೊರಿಕೋನೆಯ ಸಂಗೀತದ ತುಣುಕುಗಳನ್ನು ಟ್ಯಾರಂಟಿನೊ ‘ದಿ ಹೇಟ್‌ಫುಲ್ ಏಯ್ಟ್’ನಲ್ಲಿ ಬಳಸಿಕೊಂಡ. ಆ ಚಿತ್ರದ ಸಂಗೀತಕ್ಕೆ 2016ರಲ್ಲಿ ಮೊರಿಕೋನೆಗೆ ಆಸ್ಕರ್ ಬಂತು.

ಇಷ್ಟು ಹೇಳಿ, ನೋಡಿ, ಸೋಲೆಲ್ಲ ಒಂದಿನ ಗೆಲುವಾಗುತ್ತೆ ಅಂತ ಲಿಂಕ್ಡ್‌ಇನ್ ಪೋಸ್ಟಿನ ಥರ ಮುಗಿಸಬಹುದು. ಆದರೆ ಅದು ಸುಳ್ಳು. ನಮ್ಮ ಪ್ರಾಡಕ್ಟನ್ನು ಇಪ್ಪತ್ತು ವರ್ಷದ ಮೇಲೆ ಯಾರೂ ಹುಡುಕಿ ತೆಗೆಯಲ್ಲ. ಕಾರ್ಪೆಂಟರ್‌ಗೂ ಆ ಮೇಲೆ ಬರೀ ಗೆಲುವೇನೂ ಸಿಗಲಿಲ್ಲ. 1986ರ ‘ಬಿಗ್ ಟ್ರಬಲ್ ಇನ್ ಲಿಟಲ್ ಚೈನಾ’ ನೆಲಕಚ್ಚಿತು. ದೊಡ್ಡ ಸ್ಟುಡಿಯೋ ಸಹವಾಸ ಸಾಕು ಅಂತ ಸಣ್ಣ ಬಜೆಟ್ಟಿಗೆ ವಾಪಸ್ ಬಂದ, ಕೀಬೋರ್ಡಿಗೂ ವಾಪಸ್ ಬಂದ. ‘ಪ್ರಿನ್ಸ್ ಆಫ್ ಡಾರ್ಕ್‌ನೆಸ್’, ‘ದೇ ಲಿವ್’ ಎರಡಕ್ಕೂ ಅಲನ್ ಹೋವರ್ತ್ ಜತೆ ಸೇರಿ ಸಂಗೀತ ಮಾಡಿದ. 2001ರ ‘ಘೋಸ್ಟ್ಸ್ ಆಫ್ ಮಾರ್ಸ್’ ಮುಗಿಯುವ ಹೊತ್ತಿಗೆ ಸುಸ್ತಾಗಿದ್ದ. 2010ರಲ್ಲಿ ‘ದಿ ವಾರ್ಡ್’ ಬಂತು. ಆಮೇಲೆ ಮನೆಯಲ್ಲಿ ಕೂತು ವಿಡಿಯೋ ಗೇಮ್ ಆಡತೊಡಗಿದ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ. ಗೇಮ್ ಆಡೋಕೆ ಜತೆಗೆ ಮಗ ಕೋಡಿ ಇರ್ತಿದ್ದ. ಆಡಿ ಸಾಕಾದಾಗ ಅಪ್ಪ ಮಗ ಇಬ್ಬರೂ ಕೆಳಗಿಳಿದು ಕೀಬೋರ್ಡ್ ಮುಂದೆ ಕೂತು ಸುಮ್ನೆ ಏನಾದರೂ ನುಡಿಸೋರು. ಸಿನಿಮಾ ಇಲ್ಲ, ಡೆಡ್‌ಲೈನ್ ಇಲ್ಲ. ಹಾಗೆ ಗುಡ್ಡೆಯಾದದ್ದು 2015ರಲ್ಲಿ ‘ಲಾಸ್ಟ್ ಥೀಮ್ಸ್’ ಅನ್ನೋ ಆಲ್ಬಂ ಆಯ್ತು. ಆಗ ಕಾರ್ಪೆಂಟರ್‌ಗೆ 67. ಮಾರನೇ ವರ್ಷ ಮಗ ಕೋಡಿ, ಧರ್ಮಪುತ್ರ ಡೇನಿಯಲ್ ಡೇವಿಸ್ ಇಬ್ಬರನ್ನೂ ಪಕ್ಕದಲ್ಲಿಟ್ಟುಕೊಂಡು ಊರೂರು ತಿರುಗಿ ಕಛೇರಿ ಮಾಡಿದ. 2018ರಲ್ಲಿ ಬೇರೆಯವರು ನಿರ್ದೇಶಿಸಿದ ಹೊಸ ‘ಹ್ಯಾಲೋವೀನ್’ಗೆ ಮೂವರೂ ಸೇರಿ ಸಂಗೀತ ಮಾಡಿದರು. ನಲವತ್ತು ವರ್ಷದ ಮೇಲೂ ಅದೇ ಹತ್ತಕ್ಷರ. ದುಡ್ಡಿಲ್ಲ ಅಂತ ಕೈಗೆತ್ತಿಕೊಂಡ ಕೆಲಸ ಕೊನೆಗೆ ಜತೆಗೆ ಉಳಿಯಿತು. ಅಪ್ಪನಿಂದ ಬಂದದ್ದು, ಮಗನ ಪಕ್ಕ ಕೂತು ನುಡಿಸುವಂಥದ್ದು.

ಆ ವಾರ ರಜೆ ಹಾಕಿ ಊರಿಗೆ ಹೋದೆ. ಅಪ್ಪನಿಗೆ ಈಗ ಎಪ್ಪತ್ತರ ಹತ್ತಿರ. ಬಲಗೈ ಬೆರಳು ಸ್ವಲ್ಪ ನಡುಗುತ್ತೆ. ಆದರೂ ನಮ್ಮೂರ ಜಾತ್ರೆಯ ನಾಟಕಕ್ಕೆ ಆ ವರ್ಷ ಒಪ್ಪಿಕೊಂಡಿದ್ದ. ರಾತ್ರಿ ಪ್ರಾಕ್ಟೀಸಿಗೆ ಟಾರ್ಚ್ ಹಿಡಿದುಕೊಂಡು ಹೊರಟಾಗ ನಾನೂ ಹಿಂದೆ ಹೋದೆ. ದಾರಿಯಲ್ಲಿ ಪ್ರಾಡಕ್ಟ್ ಮುಚ್ಚಿದ ಕಥೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಎಷ್ಟು ಜನ ನೋಡಿದ್ರು ಅದನ್ನ?" ಅಂದ. ಇನ್ನೂರು ಜನ ಬಳಸುತ್ತಿದ್ದರು ಅಂದೆ. "ನಾಟಕ ಒಂದೇ ರಾತ್ರಿ ಕಣೋ. ಬೆಳಿಗ್ಗೆ ಸೀನರಿಯೋರು ಪರದೆ ಬಿಚ್ಕೊಂಡು ಲಾರಿಗೆ ಹಾಕ್ಕೊಂಡು ಹೋಗ್ತಾರೆ. ಮೂರು ತಿಂಗಳು ಕಲಿಸಿದ್ದು ಅಷ್ಟೇಯ" ಅಂದ. ಸಮಾಧಾನ ಮಾಡೋ ದನಿಯಲ್ಲಿ ಹೇಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದ.

ಶಕುನಿ ಪ್ರವೇಶಕ್ಕೆ ಮೊದಲು ಅಪ್ಪ ನನ್ನ ಕಡೆ ತಿರುಗಿ, "ನಿನ್ನ ದೆವ್ವದ್ದು ಹಾಕು" ಅಂದ. ಫೋನಿನಲ್ಲಿ ಹಾಕಿದೆ. ಎರಡು ಸಲ ಕೇಳಿ ಹಾರ್ಮೋನಿಯಂ ಮೇಲೆ ಹಿಡಿದುಬಿಟ್ಟ. ತಬಲದವನು ಹತ್ತಕ್ಕೆ ಹೊಂದಿಸಿಕೊಂಡ. ರಾಮಮಂದಿರದಲ್ಲಿ ಕೂತವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸಿದರು. ಶಕುನಿ ಪಾರ್ಟಿನವನು, ಹಗಲು ಹಾಲಿನ ಡೇರಿ ನೋಡಿಕೊಳ್ಳೋನು, ದಾಳ ಹಿಡಿದುಕೊಂಡು ಒಂದು ಹೆಜ್ಜೆ ಮುಂದಿಟ್ಟ, ತಪ್ಪಿತು. ಮತ್ತೆ ಇಟ್ಟ, ಮತ್ತೆ ತಪ್ಪಿತು.

"ಮೇಷ್ಟ್ರೇ, ಇದ್ಯಾವ್ದೋ ಕಾಲಿಡಕ್ಕೇ ಬಿಡಲ್ವಲ್ಲ! ಹಳೇದೇ ಇರ್ಲಿ ಬುಡಿ."

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಹಳೇದೇ ಇರಲಿ ಅಂತ ಆಯ್ತು. ಅಪ್ಪನ ಬೆರಳು ದಣಿದಿತ್ತು, "ನೀನು ಸ್ವಲ್ಪ ಹೊತ್ತು ಶ್ರುತಿ ಹಿಡಿ" ಅಂತ ಪಕ್ಕಕ್ಕೆ ಸರಿದ. ಎಲ್ಲಿ ಒತ್ತಬೇಕು ಅಂತ ತೋರಿಸಿದ. ನಾನು ಕಾಲು ತುಳಿಯುತ್ತಾ ಕೂತೆ. ಶಕುನಿ ಈ ಸಲ ಸರಿಯಾಗಿ ಕಾಲಿಟ್ಟ.

ಆ ವರ್ಷದ ನಾಟಕವನ್ನು ಮೊದಲಿಂದ ಕೊನೆಯ ತನಕ ನೋಡಿದೆ. ಬೆಳಗಿನ ಜಾವ ದುರ್ಯೋಧನ ಬೀಳುವ ಹೊತ್ತಿಗೆ ಅರ್ಧ ಜನ ಮಲಗಿದ್ದರು. ಪರದೆ ಬಿಚ್ಚುವಾಗ ನಾನೂ ಒಂದು ತುದಿ ಹಿಡಿದುಕೊಂಡೆ.